ಡಿಸ್ಕರ್ಸಿವ್ ಎಂಬ ಪದ, ವಿಷಯಾಂತರ ಎಂಬ ಷರಾ

ವಿಜಯನಗರದ ನಮ್ಮ ರಸ್ತೆಗಳಲ್ಲಿ ಈಗ ಸಂಜೆಯ ಹೊತ್ತು ಕಣ್ಣಿಗೆ ಬೀಳುವವರಲ್ಲಿ ಬಹಳಷ್ಟು ಮಂದಿ ಕಂಕುಳಲ್ಲಿ ದಪ್ಪ ದಪ್ಪ ಪುಸ್ತಕಗಳನ್ನು ಇರುಕಿಕೊಂಡ ತರುಣ ತರುಣಿಯರು. ಆಡಳಿತ ಸೇವೆಯ ಪರೀಕ್ಷೆಗಳಿಗೆ ತರಬೇತಿ ಕೊಡುವ ಕೇಂದ್ರಗಳು ಇಲ್ಲಿ ಬೀದಿಬೀದಿಗೂ ಹುಟ್ಟಿಕೊಂಡ ಮೇಲೆ, ರಾಯಚೂರು, ಕೊಪ್ಪಳ, ಹಾವೇರಿ, ವಿಜಯಪುರದ ಕಡೆಯ ಮಕ್ಕಳು ಬಂದು ಮಹಡಿಯ ಮೇಲಿನ ಒಂಟಿ ಕೋಣೆಗಳಲ್ಲಿ ಬಾಡಿಗೆಗಿದ್ದು ಓದುತ್ತಾರೆ. ನಮ್ಮ ಮನೆಯ ಮಹಡಿಯಲ್ಲಿಯೂ ಅಂಥ ಇಬ್ಬರಿದ್ದಾರೆ. ನಿವೃತ್ತ ಮೇಷ್ಟರ ಮನೆ ಎಂದು ತಿಳಿದ ಮೇಲೆ ಅವರು ಆಗಾಗ ಕೆಳಗಿಳಿದು ಬಂದು ಏನಾದರೊಂದು ಕೇಳುವುದುಂಟು. ನನಗೂ ಅದು ಬೇಡವೇನಲ್ಲ. ಮೂವತ್ತನಾಲ್ಕು ವರ್ಷ ಮಕ್ಕಳ ನಡುವೆ ಇದ್ದವನಿಗೆ ಪ್ರಶ್ನೆಯೇ ಇಲ್ಲದ ಸಂಜೆ ಬಹಳ ಉದ್ದವೆನಿಸುತ್ತದೆ.

ಕಳೆದ ತಿಂಗಳು ಅವರಲ್ಲೊಬ್ಬ, ಕೊಪ್ಪಳದ ಕಡೆಯ ಹುಡುಗ, ಕೈಯಲ್ಲಿ ಎರಡು ಹಾಳೆ ಹಿಡಿದು ಬಂದ. ಒಂದು ಅವನೇ ಬರೆದ ಪ್ರಬಂಧ. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯಲ್ಲಿ ಪ್ರಬಂಧಕ್ಕೆಂದೇ 250 ಅಂಕಗಳ ಒಂದು ಪತ್ರಿಕೆಯಿದೆ. ಅದರ ಅಭ್ಯಾಸಕ್ಕಾಗಿ ಬರೆದದ್ದು. ಅದರ ಅಂಚಿನಲ್ಲಿ ತಿದ್ದಿದವರು ಇಂಗ್ಲಿಷಿನಲ್ಲಿ ‘ತೀರಾ ಡಿಸ್ಕರ್ಸಿವ್’ ಎಂದು ಷರಾ ಬರೆದು ಅಂಕ ಕಳೆದಿದ್ದರು. ಇನ್ನೊಂದು ಹಾಳೆ ತತ್ತ್ವಶಾಸ್ತ್ರದ ಟಿಪ್ಪಣಿ. ಮನುಷ್ಯನ ಬುದ್ಧಿಯು ಸ್ವಭಾವತಃ ‘ಡಿಸ್ಕರ್ಸಿವ್’ ಆದದ್ದೆಂದೂ ಅದೇ ಅದರ ಲಕ್ಷಣವೆಂದೂ ಅದರಲ್ಲಿತ್ತು. ಹುಡುಗ ಎರಡನ್ನೂ ನನ್ನ ಮುಂದಿಟ್ಟು, “ಸರ್, ಬೈಯಾಕೂ ಇದೇ ಶಬ್ದ, ಹೊಗಳಾಕೂ ಇದೇ ಶಬ್ದ ಅಂದ್ರ ನಾವು ಹೆಂಗ ತಿಳ್ಕೋಬೇಕ್ರೀ?” ಎಂದ.

ನನ್ನ ಕಪಾಟಿನ ಕೈನಿಘಂಟನ್ನು ತೆಗೆದು ನೋಡಿದೆ. ‘ವಿಷಯದಿಂದ ವಿಷಯಕ್ಕೆ ಹಾರುವ, ಅಸಂಬದ್ಧವಾದ’ ಎಂದಷ್ಟೇ ಅಲ್ಲಿತ್ತು. ಅರ್ಧ ಅರ್ಥವನ್ನು ಕೊಟ್ಟು ಅರ್ಧವನ್ನು ನುಂಗಿದ ನಿಘಂಟು ಅದು. ಹುಡುಗನಿಗೆ ಅಂದು ಅರ್ಧ ಗಂಟೆ ಉತ್ತರ ಹೇಳಿದೆನಾದರೂ, ಅವನು ಹೋದ ಮೇಲೆ ಆ ಷರಾ ನನ್ನನ್ನು ಬಿಡಲಿಲ್ಲ. ಏಕೆ ಬಿಡಲಿಲ್ಲವೆಂಬುದನ್ನು ಮುಂದೆ ಹೇಳುತ್ತೇನೆ. ಮೊದಲು ಪದದ ಪೂರ್ವೋತ್ತರವನ್ನು ನೋಡೋಣ.

ಲ್ಯಾಟಿನ್ ಭಾಷೆಯಲ್ಲಿ ‘ಕುರ್ರೆರೆ’ ಎಂದರೆ ಓಡುವುದು. ಅದಕ್ಕೆ ‘ದಿಸ್’ ಎಂಬ ಉಪಸರ್ಗ ಸೇರಿದರೆ ಬೇರೆ ಬೇರೆ ದಿಕ್ಕಿಗೆ ಓಡುವುದು, ಅತ್ತಿತ್ತ ಓಡಾಡುವುದು ಎಂದರ್ಥ. ಅದರಿಂದ ಬಂದ ನಾಮಪದ ‘ದಿಸ್ಕುರ್ಸುಸ್’. ಮೊದಲು ಕಾಲಿನ ಓಡಾಟ, ಆಮೇಲೆ ಮಾತಿನ ಓಡಾಟ, ಮಧ್ಯಯುಗದ ಪಂಡಿತರ ಕೈಯಲ್ಲಿ ಬುದ್ಧಿಯ ಓಡಾಟ, ಎಂದರೆ ತರ್ಕ. ತಿಳಿದ ಒಂದು ಸಂಗತಿಯಿಂದ ತಿಳಿಯದ ಇನ್ನೊಂದಕ್ಕೆ ಹೆಜ್ಜೆ ಹೆಜ್ಜೆಯಾಗಿ ಸಾಗುವ ಕ್ರಿಯೆಗೆ ಅವರು ಈ ಹೆಸರಿಟ್ಟರು. 16ನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿನಲ್ಲಿ ‘ಡಿಸ್ಕರ್ಸಿವ್’ ಎಂಬ ವಿಶೇಷಣ ಬಳಕೆಗೆ ಬಂದಾಗ ಅದು ಎರಡು ಅರ್ಥಗಳನ್ನೂ ಹೊತ್ತೇ ಬಂದಿತು. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಪ್ರಕಟಿಸಿದ ಪ್ರಸಿದ್ಧ ನಿಘಂಟಿನಲ್ಲಿಯೂ ಅಲೆದಾಡುವ ಎಂಬರ್ಥ ಮತ್ತು ಪ್ರಮಾಣದಿಂದ ನಿರ್ಣಯಕ್ಕೆ ಕ್ರಮವಾಗಿ ಸಾಗುವ ಎಂಬರ್ಥ, ಎರಡೂ ಒಂದರ ಕೆಳಗೊಂದು ನಿಂತಿವೆ.

ಈ ಎರಡನೆಯ ಅರ್ಥಕ್ಕೆ ಎಂಥ ಗೌರವವಿತ್ತೆಂಬುದನ್ನು ತಿಳಿಯಲು ಮಿಲ್ಟನ್ ಕವಿಯ ಬಳಿಗೆ ಹೋಗಬೇಕು. 1667ರಲ್ಲಿ ಪ್ರಕಟವಾದ ‘ಪ್ಯಾರಡೈಸ್ ಲಾಸ್ಟ್’ ಮಹಾಕಾವ್ಯದ ಐದನೆಯ ಸರ್ಗದಲ್ಲಿ ರಾಫೇಲನೆಂಬ ದೇವದೂತ ಆದಮನಿಗೆ ಬುದ್ಧಿಯ ಬಗೆಗಳನ್ನು ವಿವರಿಸುತ್ತಾನೆ. ಬುದ್ಧಿ ಎರಡು ಬಗೆಯದು: ಒಂದು ಥಟ್ಟನೆ ಕಾಣುವಂಥದು, ಇನ್ನೊಂದು ಓಡಾಡಿ ಹುಡುಕಿ ತಿಳಿಯುವಂಥದು. ಮೊದಲನೆಯದು ಹೆಚ್ಚಾಗಿ ದೇವದೂತರದು, ಎರಡನೆಯದು ಹೆಚ್ಚಾಗಿ ನಿಮ್ಮದು ಎನ್ನುತ್ತಾನೆ. 1781ರಲ್ಲಿ ಜರ್ಮನಿಯ ಕಾಂಟ್ ತನ್ನ ‘ಶುದ್ಧ ಬುದ್ಧಿಯ ವಿಮರ್ಶೆ’ಯಲ್ಲಿ ಇದೇ ಮಾತನ್ನು ದೇವದೂತರ ನೆರವಿಲ್ಲದೆ ಹೇಳಿದ. ನಮಗೆ ವಸ್ತುವಿನ ಸಮಗ್ರ ಸ್ವರೂಪವು ಒಂದೇ ನೋಟಕ್ಕೆ ದಕ್ಕುವುದಿಲ್ಲ; ಒಂದು ಕಲ್ಪನೆಯಿಂದ ಇನ್ನೊಂದು ಕಲ್ಪನೆಗೆ ನಡೆದೇ ತಿಳಿಯಬೇಕು. ಅಂದಮೇಲೆ ಈ ವಿಶೇಷಣ ಬೈಗುಳವೂ ಅಲ್ಲ, ಹೊಗಳಿಕೆಯೂ ಅಲ್ಲ. ಅದು ಮನುಷ್ಯನ ವಿಳಾಸ.

ಮೇಷ್ಟರುಗಳು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಅದೇ ‘ಕುರ್ರೆರೆ’ ಧಾತುವಿನ ಇನ್ನೊಂದು ಸಂತಾನವೇ ‘ಕರಿಕ್ಯುಲಮ್’. ಅದರ ಮೂಲಾರ್ಥ ಓಟ, ಓಟದ ಪಥ. ಸುತ್ತಲೂ ಗೆರೆ ಎಳೆದು, ಎಲ್ಲರೂ ಒಂದೇ ದಿಕ್ಕಿಗೆ, ಒಂದೇ ಗುರಿಗೆ ಓಡುವ ಅಂಕಣ. ಒಂದೇ ತಾಯಿಯ ಇಬ್ಬರು ಮಕ್ಕಳಲ್ಲಿ ಒಬ್ಬನು ಗೆರೆಯೊಳಗೆ ಓಡುವವನು, ಮತ್ತೊಬ್ಬನು ಬಯಲಲ್ಲಿ ಓಡಾಡುವವನು. ನಾವು ನಮ್ಮ ಶಾಲೆಗಳಲ್ಲಿ ಮೊದಲನೆಯವನಿಗೆ ಪಟ್ಟ ಕಟ್ಟಿ ಎರಡನೆಯವನಿಗೆ ಬಹಿಷ್ಕಾರ ಹಾಕಿದ್ದೇವೆ. ಇದು ನನ್ನ ಆಕ್ಷೇಪದ ಮೊದಲ ಮಾತು.

ಎರಡನೆಯ ಮಾತು ನಮ್ಮ ಭಾಷೆಗೆ ಸಂಬಂಧಿಸಿದ್ದು. ಇಂಗ್ಲಿಷಿನ ಇಂಥ ಸೂಕ್ಷ್ಮ ಪದಗಳಿಗೆ ಕನ್ನಡದಲ್ಲಿ ಸಮಾನ ಪದವಿಲ್ಲವೆಂದು ಕೊರಗುವುದು ನಮ್ಮಲ್ಲಿ ಒಂದು ರೂಢಿಯಾಗಿದೆ. ಈ ಪದದ ಮಟ್ಟಿಗಂತೂ ಆ ಕೊರಗಿಗೆ ಆಧಾರವೇ ಇಲ್ಲ. ದಿನಕ್ಕೆ ಹತ್ತು ಬಾರಿ ನಾವು ಆಡುವ ‘ವಿಚಾರ’ ಎಂಬ ಪದವನ್ನು ಬಿಡಿಸಿ ನೋಡಿ. ‘ಚರ್’ ಎಂದರೆ ಚಲಿಸುವುದು, ಅಡ್ಡಾಡುವುದು. ‘ವಿ’ ಎಂದರೆ ಬೇರೆ ಬೇರೆಯಾಗಿ. ಬೇರೆ ಬೇರೆ ದಿಕ್ಕಿಗೆ ಅಡ್ಡಾಡುವುದೇ ‘ವಿಚರಣ’. ಮನಸ್ಸು ಹಾಗೆ ಅಡ್ಡಾಡಿದರೆ ‘ವಿಚಾರ’. ಮೋನಿಯರ್ ವಿಲಿಯಮ್ಸರ ಸಂಸ್ಕೃತ ಕೋಶದಲ್ಲಿ ಈ ಪದಕ್ಕೆ ಪರ್ಯಾಲೋಚನೆ ಎಂಬ ಅರ್ಥದ ಜೊತೆಗೆ ಸ್ಥಳ ಬದಲಿಸುವುದು ಎಂಬ ಅರ್ಥವೂ ಇದೆ. ‘ಚರ್’ ಧಾತುವಿಗೂ ‘ಕುರ್ರೆರೆ’ಗೂ ರಕ್ತಸಂಬಂಧವಿಲ್ಲ. ಭಾಷಾವಿಜ್ಞಾನಿಗಳು ‘ಚರ್’ ಧಾತುವಿನ ಲ್ಯಾಟಿನ್ ದಾಯಾದಿಯೆಂದು ಗುರುತಿಸುವುದು ‘ಕೊಲೆರೆ’ ಎಂಬುದನ್ನು. ಇಂಗ್ಲಿಷಿನ ‘ಕಲ್ಚರ್’ ಅದರಿಂದ ಬಂದದ್ದು. ಸಂಬಂಧವಿಲ್ಲದಿದ್ದರೂ ರೋಮಿನವರೂ ನಮ್ಮವರೂ ಬೇರೆ ಬೇರೆಯಾಗಿ ಒಂದೇ ಸತ್ಯವನ್ನು ಕಂಡರು: ಅಲೆಯದೆ ಅರಿವಿಲ್ಲ.

ಸಂಸ್ಕೃತದ ಮಾತೇಕೆ, ನಮ್ಮ ಮನೆಮಾತಿನಲ್ಲಿಯೇ ಇದಿದೆ. ಜಾಣ ಹುಡುಗನನ್ನು ನಾವು ಏನೆನ್ನುತ್ತೇವೆ? ‘ಅವನ ತಲೆ ಚೆನ್ನಾಗಿ ಓಡುತ್ತದೆ’ ಎನ್ನುತ್ತೇವೆ. ಲೆಕ್ಕ ಬಿಡಿಸಲಾರದವನು ‘ತಲೆಯೇ ಓಡುತ್ತಿಲ್ಲ ಸಾರ್’ ಎನ್ನುತ್ತಾನೆ. ತಲೆ ಓಡಲಿ ಎಂದು ಹಾರೈಸುವ ನಾವೇ, ಅದು ಹಾಳೆಯ ಮೇಲೆ ಓಡಿದಾಗ ಕೆಂಪು ಶಾಯಿ ತೆಗೆಯುತ್ತೇವೆ.

ಇಂಥ ಪದಕ್ಕೆ ನಾವು ತಂದಿರುವ ಗತಿಯನ್ನು ನೋಡಿದರೆ ವ್ಯಥೆಯಾಗುತ್ತದೆ. ‘ಏನು ವಿಚಾರ?’ ಎಂದರೆ ಏನು ಸಮಾಚಾರ ಎಂದಷ್ಟೇ ಅರ್ಥ. ‘ವಿಚಾರಣೆ’ ಎಂಬುದು ಪೊಲೀಸ್ ಠಾಣೆಗೂ ನ್ಯಾಯಾಲಯಕ್ಕೂ ಸೇರಿಹೋಯಿತು. ‘ವಿಚಾರಿಸಿಕೊಳ್ಳುತ್ತೇನೆ’ ಎಂದರೆ ಬೆದರಿಕೆ. ‘ವಿಚಾರ ಸಂಕಿರಣ’ ಎಂದರೆ ಒಬ್ಬರಾದ ಮೇಲೊಬ್ಬರು ಪ್ರಬಂಧ ಓದಿ, ಸಮಯದ ಅಭಾವದಿಂದ ಪ್ರಶ್ನೋತ್ತರವನ್ನು ಕೈಬಿಟ್ಟು, ಊಟಕ್ಕೆ ಏಳುವ ಕಾರ್ಯಕ್ರಮ. ಕುವೆಂಪು ಅವರು ‘ವಿಚಾರ ಕ್ರಾಂತಿಗೆ ಆಹ್ವಾನ’ ಎಂದು ತಮ್ಮ ಪುಸ್ತಕಕ್ಕೆ ಹೆಸರಿಟ್ಟು ಕರೆ ಕೊಟ್ಟ ನಾಡಿನಲ್ಲಿ ಇಂದು ‘ವಿಚಾರವಾದಿ’ ಎಂಬುದು ಹೀಯಾಳಿಕೆಯ ಪದವಾಗಿದೆ. 2015ರ ಆಗಸ್ಟ್ 30ರಂದು ಸಂಶೋಧಕ ಎಂ. ಎಂ. ಕಲಬುರ್ಗಿಯವರು ಧಾರವಾಡದ ತಮ್ಮ ಮನೆಯಲ್ಲಿ ಗುಂಡಿಗೆ ಬಲಿಯಾದರು. ಅದಾದ ಮೇಲೂ ಈ ಹೀಯಾಳಿಕೆ ನಿಂತಿಲ್ಲ.

ಒಂದು ಪದವಲ್ಲ, ಒಂದು ಕುಟುಂಬವೇ ಹೀಗೆ ಹಾಳಾಗಿದೆ. ‘ಊಹಾಪೋಹ’ ಎಂಬುದು ಶಾಸ್ತ್ರದಲ್ಲಿ ಘನವಾದ ಪದ. ಪರವಾದ ಯುಕ್ತಿಯನ್ನು ಊಹಿಸುವುದು, ಸಲ್ಲದ್ದನ್ನು ತಳ್ಳಿಹಾಕುವುದು, ಇವೆರಡೂ ಸೇರಿದ ವಿವೇಚನೆ ಅದು. ಇಂದಿನ ಪತ್ರಿಕೆಯಲ್ಲಿ ಅದರ ಅರ್ಥ ಗಾಳಿಸುದ್ದಿ. ನ್ಯಾಯಶಾಸ್ತ್ರದಲ್ಲಿ ‘ಕಥೆ’ ಎಂದರೆ ವಿದ್ವಾಂಸರ ವಾದಗೋಷ್ಠಿ. ಸತ್ಯ ತಿಳಿಯುವುದಕ್ಕಾಗಿ ನಡೆದರೆ ವಾದ, ಗೆಲ್ಲುವುದಕ್ಕಾಗಿ ನಡೆದರೆ ಜಲ್ಪ, ತನ್ನದೆಂಬ ಪಕ್ಷವೇ ಇಲ್ಲದೆ ಎದುರಾಳಿಯನ್ನು ಕೆಡಹುವುದಕ್ಕಷ್ಟೇ ನಡೆದರೆ ವಿತಂಡ. ನಮಗೆ ‘ಕತೆ ಕಟ್ಟಬೇಡ’ ಎಂಬುದಷ್ಟೇ ಉಳಿದಿದೆ. ರಾತ್ರಿ ಒಂಬತ್ತರ ಹೊತ್ತಿಗೆ ಟಿ.ವಿ. ಹಾಕಿದರೆ ಆರು ಮಂದಿ ಏಕಕಾಲಕ್ಕೆ ಕೂಗುವ ಚರ್ಚೆಯಲ್ಲಿ ಜಲ್ಪವೂ ವಿತಂಡವೂ ಹೇರಳವಾಗಿ ಸಿಗುತ್ತವೆ. ವಾದವನ್ನು ಮಾತ್ರ ದೀಪ ಹಿಡಿದು ಹುಡುಕಬೇಕು.

‘ಪ್ರಸಂಗ’ ಎಂಬ ಪದದ ಕತೆಯೂ ಇದೇ. ಶಾಸ್ತ್ರಗ್ರಂಥಗಳಲ್ಲಿ ಒಂದು ವಿಷಯದ ಬಳಿಕ ಇನ್ನೊಂದನ್ನು ಎತ್ತಿಕೊಳ್ಳಬೇಕಾದರೆ ಎರಡಕ್ಕೂ ಏನು ನಂಟು ಎಂಬುದನ್ನು ತೋರಿಸಬೇಕಿತ್ತು. ಆ ನಂಟಿಗೆ ‘ಸಂಗತಿ’ ಎಂದು ಹೆಸರು. ಸಂಗತಿಯಲ್ಲಿ ಆರು ಬಗೆಗಳನ್ನು ಎಣಿಸಿದ್ದಾರೆ, ಅವುಗಳಲ್ಲೊಂದು ಪ್ರಸಂಗ. ಹೇಳುತ್ತಿರುವ ಮಾತಿನಿಂದ ಮನಸ್ಸಿಗೆ ನೆನಪಾದದ್ದು, ನೆನಪಾದ ಮೇಲೆ ಉಪೇಕ್ಷಿಸಲು ತಕ್ಕುದಲ್ಲದ್ದು ಯಾವುದೋ ಅದು ಪ್ರಸಂಗ. ಎಂದರೆ ನಮ್ಮ ಹಿರಿಯರು ಮಾತು ಪಕ್ಕಕ್ಕೆ ಹೊರಳುವುದನ್ನು ಅಪರಾಧವೆಂದು ತಿಳಿಯಲಿಲ್ಲ. ಅದಕ್ಕೊಂದು ಕಾನೂನು ಮಾಡಿದರು. ನಾವು ಉಳಿಸಿಕೊಂಡದ್ದು ಯಾವುದನ್ನು? ಪ್ರಶ್ನೆ ಕೇಳಿದ ಮಗುವಿನ ಬಾಯಿ ಮುಚ್ಚಿಸುವ ‘ಅಧಿಕಪ್ರಸಂಗ’ವನ್ನು.

ಈ ಪದವನ್ನು ಬರೆಯುವಾಗ ನನ್ನ ಕೈ ತಡೆಯುತ್ತದೆ. ಏಕೆಂದರೆ ಅದನ್ನು ಒಮ್ಮೆ ಎಲ್ಲಿ, ಯಾರ ಮೇಲೆ ಪ್ರಯೋಗಿಸಿದೆನೆಂಬುದು ನನಗೆ ಚೆನ್ನಾಗಿ ನೆನಪಿದೆ.

ಅದು 1991ನೆಯ ಇಸವಿ. ಒಂಬತ್ತನೆಯ ತರಗತಿಯ ಮಕ್ಕಳಿಗೆ ‘ನೀರಿನ ಮಹತ್ವ’ ಎಂಬ ಪ್ರಬಂಧ ಬರೆಯಲು ಕೊಟ್ಟಿದ್ದೆ. ನಲವತ್ತೆಂಟು ಮಕ್ಕಳಲ್ಲಿ ನಲವತ್ತೇಳು ಮಂದಿ ನೀರು ಜೀವಾಮೃತವೆಂದು ಪೀಠಿಕೆ ಹಾಕಿ, ಕುಡಿಯಲು, ಬೇಯಿಸಲು, ವ್ಯವಸಾಯಕ್ಕೆ, ವಿದ್ಯುತ್ತಿಗೆ ಎಂದು ವಿವರಿಸಿ, ಆದುದರಿಂದ ನೀರನ್ನು ಮಿತವಾಗಿ ಬಳಸಬೇಕೆಂದು ಉಪಸಂಹಾರ ಮಾಡಿದ್ದರು. ನಾನೇ ಕಲಿಸಿದ ಅಚ್ಚು ಅದು. ಕೆಂಗೇರಿಯ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹುಡುಗ ಮಾತ್ರ ಬೇರೆಯಾಗಿ ಬರೆದಿದ್ದ. ಅವನ ಪ್ರಬಂಧ ಅಜ್ಜಿಯ ಸೀರೆಯಿಂದ ಶುರುವಾಗಿತ್ತು. ಅಜ್ಜಿ ಹೊಸದಾಗಿ ಮದುವೆಯಾಗಿ ಬಂದಾಗ ವೃಷಭಾವತಿಯಲ್ಲಿ ಬಟ್ಟೆ ಒಗೆಯುತ್ತಿದ್ದಳಂತೆ, ಈಗ ಮೂಗು ಮುಚ್ಚಿಕೊಂಡು ಸೇತುವೆ ದಾಟುತ್ತಾಳೆ. ಅಲ್ಲಿಂದ ನೀರಿನ ಮೇಲಿನ ನೊರೆಗೆ ಹೋಗಿದ್ದ. ನೊರೆಯಿಂದ ಮೈಸೂರು ರಸ್ತೆಯ ಕಾರ್ಖಾನೆಗಳಿಗೆ. ಅಲ್ಲಿಂದ ಬಿಡದಿಯ ಹತ್ತಿರ ಬೈರಮಂಗಲದಲ್ಲಿದ್ದ ತನ್ನ ಮಾವನ ಹೊಲಕ್ಕೆ, ಹೊಲಕ್ಕೆ ಹಾಯುವ ಕೆರೆಯ ನೀರಿಗೆ, ಆ ನೀರಲ್ಲಿ ಇಳಿದರೆ ಕಾಲು ತುರಿಸುವುದಕ್ಕೆ. ಮಾವನು ಬೆಳೆದ ಸೊಪ್ಪು ಬೆಂಗಳೂರಿನ ಮಾರುಕಟ್ಟೆಗೆ ಬರುತ್ತದೆ ಎಂದು ಬರೆದು, ಕೊನೆಯ ಸಾಲಿನಲ್ಲಿ, ಹಾಗಾದರೆ ನಾವು ಚರಂಡಿಗೆ ಬಿಟ್ಟದ್ದನ್ನು ನಾವೇ ತಿನ್ನುತ್ತಿದ್ದೇವೆಯೇ ಎಂದು ಕೇಳಿ ನಿಲ್ಲಿಸಿದ್ದ. ಪೀಠಿಕೆಯೂ ಇಲ್ಲ, ಉಪಸಂಹಾರವೂ ಇಲ್ಲ.

ನಾನು ಉದ್ದಕ್ಕೂ ಗೆರೆ ಎಳೆದು ‘ವಿಷಯಾಂತರ’ ಎಂದು ಷರಾ ಬರೆದು ಹತ್ತಕ್ಕೆ ಮೂರು ಅಂಕ ಹಾಕಿದೆ. ಮರುದಿನ ಹುಡುಗ ಪುಸ್ತಕ ಹಿಡಿದುಕೊಂಡು ಎದ್ದು ನಿಂತು, “ಸಾರ್, ಇದರಲ್ಲಿ ಯಾವ ಸಾಲು ವಿಷಯಾಂತರ?” ಎಂದ. ಉದ್ಧಟತನದಿಂದಲ್ಲ, ನಿಜವಾಗಿಯೂ ತಿಳಿಯಲೆಂದು ಕೇಳಿದ. ನಾನು ಪುಸ್ತಕ ತೆಗೆದುಕೊಂಡು ನೋಡಿದೆ. ಒಂದು ಸಾಲನ್ನೂ ಬೆರಳಿಟ್ಟು ತೋರಿಸಲಾಗಲಿಲ್ಲ. ನಲವತ್ತೇಳು ಜೊತೆ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. “ಅಧಿಕಪ್ರಸಂಗ ಮಾಡಬೇಡ, ಕೂತ್ಕೋ” ಎಂದೆ. ಅವನು ಕುಳಿತ.

ಆ ಮೇಲಿನ ಪರೀಕ್ಷೆಗಳಲ್ಲೆಲ್ಲ ಅವನು ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಅಚ್ಚುಕಟ್ಟಾಗಿ ಬರೆದ. ನಾನು ಹತ್ತಕ್ಕೆ ಎಂಟು ಕೊಟ್ಟೆ. ಅವನ ಅಜ್ಜಿಯಾಗಲಿ ಮಾವನಾಗಲಿ ಮತ್ತೆ ಆ ಹಾಳೆಗಳ ಮೇಲೆ ಕಾಣಿಸಿಕೊಳ್ಳಲಿಲ್ಲ. ಅಂದು ನಾನು ಇದನ್ನು ತಿದ್ದುಪಡಿಯೆಂದು ತಿಳಿದು ಸಮಾಧಾನಪಟ್ಟಿದ್ದೆ.

ಈಗ ಆ ಪ್ರಬಂಧವನ್ನು ವಿಚಾರದ ಕಣ್ಣಿನಿಂದ ನೋಡಿ. ನೀರಿನ ಮಹತ್ವವೇನೆಂಬುದಕ್ಕೆ ಆ ತರಗತಿಯಲ್ಲಿ ಪ್ರಮಾಣ ಸಹಿತ ಉತ್ತರ ಕೊಟ್ಟವನು ಅವನೊಬ್ಬನೇ. ವೃಷಭಾವತಿ ನಗರದ ಪಶ್ಚಿಮ ಭಾಗದ ಕೊಳೆಯನ್ನೆಲ್ಲ ಹೊತ್ತು, ಗಾಳಿ ಆಂಜನೇಯ ಗುಡಿಯ ಬಳಿ ಹಾದು, ಕೆಂಗೇರಿ ದಾಟಿ, 1940ರ ದಶಕದಲ್ಲಿ ಕಟ್ಟಿದ ಬೈರಮಂಗಲದ ಜಲಾಶಯ ಸೇರುತ್ತದೆ. ಅಲ್ಲಿಂದ ಗದ್ದೆ ತೋಟಗಳಿಗೂ, ಮುಂದೆ ಅರ್ಕಾವತಿಗೂ, ಅರ್ಕಾವತಿಯ ಮೂಲಕ ಕಾವೇರಿಗೂ ಹೋಗುತ್ತದೆ. ಆ ನೀರಿನಲ್ಲಿ, ಮಣ್ಣಿನಲ್ಲಿ, ಬೆಳೆಯಲ್ಲಿ ಭಾರಲೋಹಗಳ ಅಂಶವಿದೆಯೆಂದು ಆ ಬಳಿಕ ಸಂಶೋಧಕರು ಅಳೆದು ವರದಿ ಮಾಡಿದ್ದಾರೆ. ಹದಿನಾಲ್ಕು ವರ್ಷದ ಹುಡುಗ ಪ್ರಯೋಗಾಲಯವಿಲ್ಲದೆ, ಸೀರೆಯಿಂದ ನೊರೆಗೆ, ನೊರೆಯಿಂದ ಹೊಲಕ್ಕೆ, ಹೊಲದಿಂದ ತಟ್ಟೆಗೆ ನಡೆದು ಆ ಅನುಮಾನಕ್ಕೆ ಬಂದಿದ್ದ. ಮೇಲುನೋಟಕ್ಕೆ ಅಲೆದಾಟ, ಒಳಗೆ ತರ್ಕ. ‘ಡಿಸ್ಕರ್ಸಿವ್’ ಪದದ ಎರಡು ಅರ್ಥಗಳೂ ಒಂದೇ ಹಾಳೆಯ ಮೇಲೆ ಇದ್ದವು. ನಾನು ಒಂದನ್ನು ಮಾತ್ರ ಓದಿದೆ. ಕೈನಿಘಂಟು ಮಾಡಿದ ತಪ್ಪನ್ನೇ ನಾನು ಮಾಡಿದ್ದೆ. ಅದೂ ಜೀವಂತ ಹುಡುಗನ ಮೇಲೆ.

ಇಷ್ಟು ಹೇಳಿದ ಕೂಡಲೇ ನನ್ನ ವೃತ್ತಿಬಾಂಧವರು ಆಕ್ಷೇಪಿಸುತ್ತಾರೆಂಬುದನ್ನು ಬಲ್ಲೆ. ಮೀಮಾಂಸಕರು ಒಂದು ಅಧಿಕರಣಕ್ಕೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂದು ಐದು ಅಂಗಗಳನ್ನು ಹೇಳುತ್ತಾರೆ. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಿದ ಮೇಲಷ್ಟೇ ಉತ್ತರ ಹೇಳುವ ಅಧಿಕಾರ ಬರುತ್ತದೆ. ಆದುದರಿಂದ ಪೂರ್ವಪಕ್ಷವನ್ನು ಆದಷ್ಟು ನ್ಯಾಯವಾಗಿ ಹೇಳುತ್ತೇನೆ.

ರಾಜಾಜಿನಗರದಲ್ಲಿರುವ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಹೇಳುವುದು ಹೀಗೆ: “ನೀವು ಹೇಳುವ ಹುಡುಗ ಸಾವಿರಕ್ಕೊಬ್ಬ. ಉಳಿದವರು ಅಲೆಯುವುದು ತರ್ಕಕ್ಕಾಗಿ ಅಲ್ಲ, ಗೊತ್ತಿಲ್ಲದ್ದನ್ನು ಮುಚ್ಚಲು. ಗಾಂಧೀಜಿಯ ಬಗ್ಗೆ ಕೇಳಿದರೆ ಗೊತ್ತಿರುವ ಹಸುವಿನ ಬಗ್ಗೆ ಬರೆಯುತ್ತಾರೆ. ಮೌಲ್ಯಮಾಪನ ಕೇಂದ್ರದಲ್ಲಿ ಕಂತೆಗಟ್ಟಲೆ ಉತ್ತರಪತ್ರಿಕೆ ಇಟ್ಟುಕೊಂಡು ಕುಳಿತವನು ಪ್ರತಿಯೊಂದರಲ್ಲಿಯೂ ಅಡಗಿರುವ ತರ್ಕ ಹುಡುಕುತ್ತಾ ಕೂರಲಾಗದು. ಅಲ್ಲದೆ ಪೀಠಿಕೆ, ಉಪಸಂಹಾರದ ಚೌಕಟ್ಟು ಬಡವರ ಮಕ್ಕಳಿಗೆ ಊರುಗೋಲು. ಮನೆಯಲ್ಲಿ ಪುಸ್ತಕವಿಲ್ಲದ ಮಗುವಿಗೆ ಅದನ್ನೂ ಕಿತ್ತುಕೊಂಡರೆ ಅದು ನಿಲ್ಲುವುದಾದರೂ ಹೇಗೆ?”

ಇದು ತೂಕವಿರುವ ಮಾತು, ನಾನು ತಳ್ಳಿಹಾಕಲಾರೆ. ಹಸುವಿನ ಪ್ರಬಂಧಗಳನ್ನು ನಾನೂ ಸಾಕಷ್ಟು ಓದಿದ್ದೇನೆ. ಊರುಗೋಲಿನ ಮಾತಂತೂ ಪೂರಾ ನಿಜ. ಆದರೆ ಅವರ ವಾದವು ಒಂದು ಭೇದವನ್ನು ಮರೆಯುತ್ತದೆ. ಆ ಭೇದವನ್ನು ನಮ್ಮ ತಾರ್ಕಿಕರು ಬಹಳ ಹಿಂದೆಯೇ ಗುರುತಿಸಿ, ಅದೇ ‘ಚರ್’ ಧಾತುವಿನಿಂದಲೇ ಅದಕ್ಕೆ ಹೆಸರಿಟ್ಟಿದ್ದಾರೆ.

ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಹೊಗೆ ಕಾಣುತ್ತಿದೆ ಎಂಬುದು ಸರಿಯಾದ ಅನುಮಾನ. ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಬೆಟ್ಟವು ತಿಳಿಯಲು ಶಕ್ಯವಾದ ವಸ್ತು ಎಂದರೆ? ಕೆರೆಯೂ ತಿಳಿಯಲು ಶಕ್ಯವಾದದ್ದೇ, ಅಲ್ಲಿ ಬೆಂಕಿಯಿಲ್ಲ. ಕೊಟ್ಟ ಕಾರಣವು ಬೆಂಕಿಯಿರುವಲ್ಲಿಯೂ ಇಲ್ಲದಲ್ಲಿಯೂ ಅಡ್ಡಾಡುತ್ತದೆ. ಇಂಥ ದುಷ್ಟ ಹೇತುವಿಗೆ ‘ಸವ್ಯಭಿಚಾರ’ ಎಂದು ಹೆಸರು. ‘ತರ್ಕಸಂಗ್ರಹ’ ಓದಿದವರೆಲ್ಲರಿಗೂ ಗೊತ್ತಿರುವ ಪಾಠವಿದು. ಗಮನಿಸಿ: ಬುದ್ಧಿಯ ಅಡ್ಡಾಟ ವಿಚಾರ, ಕಾರಣದ ಅಡ್ಡಾಟ ವ್ಯಭಿಚಾರ. ದೋಷವಿರುವುದು ಮನಸ್ಸು ದೂರ ಹೋದದ್ದರಲ್ಲಿ ಅಲ್ಲ, ಹೋದ ಹೆಜ್ಜೆಗೂ ಹಿಂದಿನ ಹೆಜ್ಜೆಗೂ ಕೊಂಡಿಯಿಲ್ಲದ್ದರಲ್ಲಿ. ಗಾಂಧೀಜಿಯಿಂದ ಹಸುವಿಗೆ ಹಾರಿದವನಲ್ಲಿ ಕೊಂಡಿಯಿಲ್ಲ. ಅಜ್ಜಿಯ ಸೀರೆಯಿಂದ ಮಾವನ ಸೊಪ್ಪಿಗೆ ಹೋದವನಲ್ಲಿ ನದಿಯೇ ಕೊಂಡಿಯಾಗಿತ್ತು. ಇಬ್ಬರಿಗೂ ‘ವಿಷಯಾಂತರ’ ಎಂಬ ಒಂದೇ ಷರಾ ಬರೆಯುವವನು ಹೊಗೆಗೂ ಮಂಜಿಗೂ ಭೇದ ತಿಳಿಯದವನು.

ಊರುಗೋಲಿನ ಮಾತಿಗೂ ಉತ್ತರವಿದೆ. ಊರುಗೋಲು ನಡೆಯಲು ಕಲಿಯುವ ತನಕ. ನಡೆಯುವುದನ್ನು ಕಲಿತ ಮಗುವಿನ ಕೈಗೂ ಅದನ್ನೇ ಕಟ್ಟಿ, ಅದಿಲ್ಲದೆ ನಡೆದರೆ ಅಂಕ ಕಳೆಯುವುದು ಶಿಕ್ಷಣವಲ್ಲ. ಬಡವರ ಮಕ್ಕಳ ಹೆಸರಿನಲ್ಲಿ ಈ ವಾದವನ್ನು ಹೂಡುವವರಿಗೆ ನೆನಪಿಸುತ್ತೇನೆ: ಆ ಕೆಂಗೇರಿಯ ಹುಡುಗನೂ ಬಡವರ ಮನೆಯವನೇ. ಅವನ ಬಳಿ ಪುಸ್ತಕಗಳಿರಲಿಲ್ಲ. ಅಜ್ಜಿಯೂ ಹೊಳೆಯೂ ಇದ್ದರು. ಅವನ ಬಂಡವಾಳವೇ ಅದು. ಚೌಕಟ್ಟು ಕೊಡುತ್ತೇನೆಂದು ನಾನು ಅದನ್ನೇ ಕಿತ್ತುಕೊಂಡೆ.

ಅಲೆದಾಟಕ್ಕೂ ತರ್ಕಕ್ಕೂ ಹಗೆತನವಿದೆಯೆಂದು ನಂಬುವವರು ಎ. ಎನ್. ಮೂರ್ತಿರಾಯರನ್ನು ಓದಬೇಕು. 1900ರಲ್ಲಿ ಅಕ್ಕಿಹೆಬ್ಬಾಳಿನಲ್ಲಿ ಹುಟ್ಟಿ 2003ರ ತನಕ ಬದುಕಿದ ಅವರು ಇಂಗ್ಲಿಷ್ ಬೋಧಿಸಿದ ಮೇಷ್ಟರು. 1937ರಲ್ಲಿ ಪ್ರಕಟವಾದ ‘ಹಗಲುಗನಸುಗಳು’ ಕನ್ನಡದ ಲಲಿತ ಪ್ರಬಂಧಕ್ಕೆ ದಾರಿ ತೋರಿದ ಸಂಕಲನಗಳಲ್ಲೊಂದು. ಹೆಸರೇ ಸೂಚಿಸುವಂತೆ ಮನಸ್ಸನ್ನು ಹರಿಯಬಿಟ್ಟ ಬರಹಗಳವು. ಅದೇ ಲೇಖನಿ 1991ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ‘ದೇವರು’ ಎಂಬ ಪುಸ್ತಕವನ್ನು ಬರೆಯಿತು. ದೇವರ ಅಸ್ತಿತ್ವವನ್ನು ಕುರಿತ ವಾದಗಳನ್ನು ಒಂದೊಂದಾಗಿ ಎತ್ತಿಕೊಂಡು ಶಾಂತವಾಗಿ ಪರೀಕ್ಷಿಸಿದ ಗ್ರಂಥ ಅದು. ಅವರ ನಿರ್ಣಯವನ್ನು ನಾನು ಪೂರ್ಣವಾಗಿ ಒಪ್ಪುವವನಲ್ಲ. ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚುವವನು ನಾನು. ಆದರೆ ಆ ವಿಚಾರದ ಸೌಜನ್ಯಕ್ಕೆ ತಲೆಬಾಗುತ್ತೇನೆ. ಹರಟೆಯ ದಾರಿಯಲ್ಲಿ ಅರ್ಧ ಶತಮಾನ ನಡೆದಾಡಿದ್ದರಿಂದಲೇ ಅವರ ತರ್ಕಕ್ಕೆ ಆ ಸಹನೆ ಬಂದಿತೆಂಬುದು ನನ್ನ ಎಣಿಕೆ.

ಮೂರ್ತಿರಾಯರ ಮಾತಾಯಿತು. ಪ್ರೊ. ಜಿ. ವೆಂಕಟಸುಬ್ಬಯ್ಯನವರು 1991ರಲ್ಲಿ ‘ಪ್ರಜಾವಾಣಿ’ಯಲ್ಲಿ ಆರಂಭಿಸಿದ ‘ಇಗೋ ಕನ್ನಡ’ ಅಂಕಣವನ್ನು ಕತ್ತರಿಸಿಟ್ಟುಕೊಳ್ಳುತ್ತಿದ್ದವರಲ್ಲಿ ನಾನೂ ಒಬ್ಬ. ಓದುಗರು ಒಂದು ಪದದ ಅರ್ಥ ಕೇಳಿದರೆ ಅವರು ಅರ್ಥವನ್ನಷ್ಟೇ ಹೇಳಿ ಸುಮ್ಮನಾಗುತ್ತಿರಲಿಲ್ಲ. ಪದ ಎಲ್ಲಿಂದ ಹೊರಟಿತು, ಯಾವ ಕವಿಯ ಕೈಯಲ್ಲಿ ಏನಾಯಿತು ಎಂದು ತಿರುಗಾಡಿಸಿ ಕರೆತರುತ್ತಿದ್ದರು. ನಿಘಂಟಿನಂಥ ಒಣ ವಿದ್ಯೆಯನ್ನು ಬೆಳಗಿನ ಕಾಫಿಯ ಜೊತೆ ಜನ ಓದುವಂತೆ ಮಾಡಿದ್ದು ಆ ತಿರುಗಾಟ.

ಈಗಿನ ಕಾಲಕ್ಕೆ ಇದು ಇನ್ನಷ್ಟು ಅಗತ್ಯ. ಪೀಠಿಕೆ, ಐದು ಅಂಶ, ಉಪಸಂಹಾರವುಳ್ಳ ನೇರ ಪ್ರಬಂಧವನ್ನು ಇಂದು ಕಂಪ್ಯೂಟರು ಅರೆನಿಮಿಷದಲ್ಲಿ ಬರೆದು ಮುಂದಿಡುತ್ತದೆ. ನಮ್ಮ ಮಕ್ಕಳನ್ನು ನಾವು ಹತ್ತು ವರ್ಷ ತಿದ್ದಿ ತೀಡಿ ಯಾವ ಕೆಲಸಕ್ಕೆ ಸಿದ್ಧಮಾಡುತ್ತಿದ್ದೇವೋ ಅದನ್ನು ಯಂತ್ರ ಪುಕ್ಕಟೆಯಾಗಿ ಮಾಡುತ್ತಿದೆ. ಆದರೆ ಅದಕ್ಕೆ ವೃಷಭಾವತಿಯಲ್ಲಿ ಸೀರೆ ಒಗೆದ ಅಜ್ಜಿಯಿಲ್ಲ.

ಆದುದರಿಂದ ಇಂದಿಗೂ ಕೆಂಪು ಶಾಯಿ ಹಿಡಿದಿರುವ ನನ್ನ ಕಿರಿಯ ಬಂಧುಗಳಲ್ಲಿ ನನ್ನ ಬೇಡಿಕೆ ಇಷ್ಟೇ. ‘ವಿಷಯಾಂತರ’ ಎಂದು ಬರೆಯುವ ಮುನ್ನ ಅಂಚಿನಲ್ಲಿ ‘ಸಂಗತಿ ಏನು?’ ಎಂದು ಬರೆಯಿರಿ. ಮಗು ಕೊಂಡಿಯನ್ನು ತೋರಿಸಿದರೆ ಅಂಕ ಕೊಡಿ. ತೋರಿಸಲಾಗದಿದ್ದರೆ, ಕೊಂಡಿ ಹಾಕುವುದು ಹೇಗೆಂದು ಕಲಿಸಿ. ನಿಮ್ಮ ಕೆಲಸ ಅದೇ. ಯಾವ ಸಾಲು ವಿಷಯಾಂತರ ಎಂದು ಮಗು ಕೇಳಿದಾಗ ಬೆರಳಿಟ್ಟು ತೋರಿಸಲು ನಿಮಗೇ ಆಗದಿದ್ದರೆ, ಆ ಷರಾವನ್ನು ತರಗತಿಯ ಎದುರಿನಲ್ಲಿಯೇ ಹೊಡೆದುಹಾಕಿ. ನಾನು ಹಾಗೆ ಮಾಡಲಿಲ್ಲ.

ಕೊಪ್ಪಳದ ಹುಡುಗನ ಪ್ರಬಂಧವನ್ನು ಮತ್ತೊಮ್ಮೆ ತರಿಸಿಕೊಂಡು ನಿಧಾನವಾಗಿ ಓದಿದೆ. ಎರಡು ಕಡೆ ನಿಜವಾಗಿಯೂ ಕೊಂಡಿ ತಪ್ಪಿತ್ತು, ತೋರಿಸಿದೆ, ಒಪ್ಪಿಕೊಂಡ. ಮೂರನೆಯ ಕಡೆ ತನ್ನೂರಿನ ಗುಳೆ ಹೋಗುವವರ ಬಗ್ಗೆ ಬರೆದಿದ್ದ. ಅಲ್ಲಿ ತಿದ್ದಿದವರು ಎಲ್ಲಕ್ಕಿಂತ ದಪ್ಪವಾಗಿ ಗೆರೆ ಎಳೆದಿದ್ದರು. ಅದನ್ನು ಬಿಡಬೇಡ, ಇನ್ನೂ ಬೆಳೆಸು ಎಂದೆ. “ಮಾರ್ಕ್ಸ್ ಹೋಗ್ತಾವಲ್ರೀ ಸರ್” ಎಂದ. ಹೋಗುವುದಿಲ್ಲವೆಂದು ಭರವಸೆ ಕೊಡಲು ನನ್ನಿಂದಾಗಲಿಲ್ಲ.

ಕೆಂಗೇರಿಯ ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಐವತ್ತರ ಹತ್ತಿರದ ಗೃಹಸ್ಥನಾಗಿರಬೇಕು. 2021ರಲ್ಲಿ ಮೆಟ್ರೊ ಕೆಂಗೇರಿಯ ತನಕ ಬಂದ ಮೇಲೆ ನಾನು ಒಂದೆರಡು ಬಾರಿ ಆ ಕಡೆ ಹೋಗಿದ್ದುಂಟು. ಕಿಟಕಿಯಿಂದ ಆ ಹೊಳೆ ಕಾಣುತ್ತದೆ. ನೀರು ಕಪ್ಪಾಗಿಯೇ ಇದೆ. ಅವನ ಪ್ರಶ್ನೆಗೆ ಉತ್ತರವನ್ನು ಇಲ್ಲಿ ಬರೆದಿಡುತ್ತೇನೆ: ಯಾವ ಸಾಲೂ ವಿಷಯಾಂತರವಾಗಿರಲಿಲ್ಲ, ಮಗು. ಷರಾ ಬರೆದವನಿಗೆ ವಿಚಾರ ಸಾಲದೆ ಹೋಯಿತು.